ಅರಸನ ಆಜ್ಞೆ, ಮಿಂಬರಿನ ಮಾತು: ವಿಜಯಪುರದ ಖುತ್ಬಾ ಕಲಹದ ಕಥನ

ಮಧ್ಯಯುಗದ ಮುಸ್ಲಿಂ ರಾಜ್ಯಗಳಲ್ಲಿ ಒಬ್ಬನು ಸ್ವತಂತ್ರ ಅರಸನಾಗಿದ್ದಾನೆ ಎಂದು ಸಾರುವ ಮುಖ್ಯ ಗುರುತುಗಳು ಎರಡಿದ್ದವು. ಒಂದು, ಅವನ ಹೆಸರಿನಲ್ಲಿ ಟಂಕಿಸಿದ ನಾಣ್ಯ, ಅಂದರೆ ಸಿಕ್ಕಾ. ಇನ್ನೊಂದು, ಶುಕ್ರವಾರ ಮಧ್ಯಾಹ್ನದ ಸಾಮೂಹಿಕ ನಮಾಜಿನ ವೇಳೆ ಅವನ ಹೆಸರು ಹೇಳಿ ಮಾಡುವ ಪ್ರವಚನ, ಅಂದರೆ ಖುತ್ಬಾ. ಖುತ್ಬಾ ಓದುವವನಿಗೆ ಖತೀಬ ಎಂದೂ ಅವನು ನಿಲ್ಲುವ ಮೆಟ್ಟಿಲುಪೀಠಕ್ಕೆ ಮಿಂಬರ್ ಎಂದೂ ಹೆಸರು. ನಾಣ್ಯ ಕೈಗೆ ಸಿಗದ ಬಡವನಿಗೂ ವಾರಕ್ಕೊಮ್ಮೆ ಕಿವಿಗೆ ಬೀಳುತ್ತಿದ್ದ ರಾಜವಾರ್ತೆ ಇದೊಂದೇ ಆಗಿದ್ದುದರಿಂದ, ಖತೀಬನ ಬಾಯಲ್ಲಿ ಬರುವ ಹೆಸರುಗಳ ಮೇಲೆ ಅರಮನೆಯ ಕಣ್ಣು ಸದಾ ಇರುತ್ತಿತ್ತು. ಅರಸನ ಹೆಸರಿಗೆ ಮುನ್ನ ಪ್ರವಾದಿಯ ಸ್ತುತಿಯ ಜೊತೆಗೆ ಧರ್ಮದ ಹಿರಿಯರ ಸ್ಮರಣೆಯೂ ನಡೆಯುತ್ತಿತ್ತು. ಆ ಹಿರಿಯರು ಯಾರು ಎಂಬಲ್ಲಿಯೇ ಸುನ್ನಿ ಮತ್ತು ಶಿಯಾ ಪಂಥಗಳ ದಾರಿ ಕವಲೊಡೆಯುತ್ತಿತ್ತು. ಪ್ರವಾದಿಯ ನಂತರ ಸಮುದಾಯದ ನಾಯಕತ್ವ ವಹಿಸಿದ ಮೊದಲ ನಾಲ್ವರು ಖಲೀಫರನ್ನು ಸುನ್ನಿಗಳು ನೆನೆದರೆ, ಪ್ರವಾದಿಯ ಅಳಿಯ ಅಲಿ ಮತ್ತು ಅವರ ವಂಶದ ಹನ್ನೊಂದು ಮಂದಿ ಸೇರಿದ ಹನ್ನೆರಡು ಇಮಾಮರೇ ನಿಜವಾದ ಉತ್ತರಾಧಿಕಾರಿಗಳೆಂದು ಶಿಯಾಗಳು ನಂಬುತ್ತಾರೆ.

ಹೀಗಾಗಿ ಒಂದೇ ಪ್ರವಚನ ಅರಸನು ಯಾರು ಎಂಬುದನ್ನೂ ಅರಸನ ಮತ ಯಾವುದು ಎಂಬುದನ್ನೂ ಏಕಕಾಲಕ್ಕೆ ಹೇಳುತ್ತಿತ್ತು. ಈ ಪ್ರವಚನವನ್ನು ಬರೆಯುವ ಹಕ್ಕು ಸಿಂಹಾಸನಕ್ಕೆ ಸೇರಿದ್ದೋ ಧರ್ಮಜ್ಞರಿಗೆ ಸೇರಿದ್ದೋ ಎಂಬ ಜಗಳ ಕರ್ನಾಟಕದ ನೆಲದಲ್ಲಿ ಅತ್ಯಂತ ದೀರ್ಘವಾಗಿ ನಡೆದದ್ದು ಆದಿಲಶಾಹಿಗಳ ರಾಜಧಾನಿಯಾಗಿದ್ದ ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ. ಎರಡನೆಯ ಇಬ್ರಾಹಿಂ ಆದಿಲಶಹನ ಆಶ್ರಯದಲ್ಲಿ ಇದೇ ಊರಿನಲ್ಲಿ ಕುಳಿತು ದಖ್ಖನಿನ ಇತಿಹಾಸ ಬರೆದ ಫಿರಿಸ್ತಾನ ಕಥನವನ್ನು ಅನುಸರಿಸಿ ಎಣಿಸಿದರೆ, ಸುಮಾರು 80 ವರ್ಷಗಳ ಅವಧಿಯಲ್ಲಿ ಇಲ್ಲಿನ ಖುತ್ಬಾ ಎಂಟು ಸಲ ಬದಲಾಗಿದೆ. ಮಸೀದಿ ಅದೇ, ನಮಾಜಿಗೆ ಬರುವ ಜನರೂ ಬಹುಪಾಲು ಅವರೇ, ಆದರೆ ಮಿಂಬರಿನಿಂದ ಕೇಳಿಬರುವ ಪುಣ್ಯನಾಮಗಳು ಮಾತ್ರ ಸಿಂಹಾಸನದ ಮೇಲೆ ಕುಳಿತವನನ್ನು ಅವಲಂಬಿಸಿ ಬದಲಾಗುತ್ತಿದ್ದವು.

ಮೊದಲ ಬದಲಾವಣೆ ನಡೆದದ್ದು ರಾಜ್ಯದ ಸ್ಥಾಪಕ ಯೂಸುಫ್ ಆದಿಲ್ ಖಾನನ ಕಾಲದಲ್ಲಿ. 1501ರಲ್ಲಿ ಇರಾನಿನ ತಬ್ರೀಜಿನಲ್ಲಿ ಸಫವಿ ವಂಶದ ಶಾಹ ಇಸ್ಮಾಯಿಲನು ಹನ್ನೆರಡು ಇಮಾಮರ ಶಿಯಾ ಪಂಥವನ್ನು ರಾಜ್ಯಧರ್ಮವೆಂದು ಘೋಷಿಸಿದ್ದನು; ಆ ಸುದ್ದಿ ಅರಬ್ಬೀ ಸಮುದ್ರ ದಾಟಿ ಬಂದ ಸ್ವಲ್ಪ ಸಮಯದಲ್ಲೇ, 1502-03ರ ಸುಮಾರಿಗೆ, ಯೂಸುಫನು ವಿಜಾಪುರದಲ್ಲಿ ಅದೇ ಹೆಜ್ಜೆ ಇಟ್ಟನು. ಮದೀನಾ ಮೂಲದ ಒಬ್ಬ ಸಯ್ಯದರು ಶುಕ್ರವಾರ ಮಿಂಬರ್ ಏರಿ ಹನ್ನೆರಡು ಇಮಾಮರ ಹೆಸರಿನಲ್ಲಿ ಖುತ್ಬಾ ಓದಿದರು. ನಮಾಜಿಗೆ ಕರೆಯುವ ಅಜಾನಿಗೆ ಅಲಿಯವರ ಸ್ಥಾನವನ್ನು ಸಾರುವ ವಾಕ್ಯ ಸೇರಿತು. ಹಿಂದೂಸ್ಥಾನದಲ್ಲಿ ಹೀಗೆ ಬಹಿರಂಗವಾಗಿ ಮಾಡಿದ ಮೊದಲಿಗನು ಯೂಸುಫನೇ ಎಂದು ಫಿರಿಸ್ತಾ ಹೇಳುತ್ತಾನೆ. ಆದರೆ ಯೂಸುಫನು ಮತಾಂಧನಾಗಿರಲಿಲ್ಲ ಎಂಬುದಕ್ಕೂ ಅದೇ ಬರಹ ಸಾಕ್ಷಿ ಕೊಡುತ್ತದೆ: ಸುನ್ನಿಗಳು ಗೌರವಿಸುವ ಪ್ರವಾದಿಯ ಸಹಚರರನ್ನು ಯಾರೂ ನಿಂದಿಸಕೂಡದೆಂದು ಅವನು ಕಟ್ಟಪ್ಪಣೆ ಮಾಡಿದನು, ತನ್ನ ನಿರ್ಧಾರವನ್ನು ಒಪ್ಪದ ಸರದಾರರು ತಮ್ಮ ರೀತಿಯಲ್ಲಿಯೇ ನಡೆದುಕೊಳ್ಳಲು ಬಿಟ್ಟನು.

ಇಷ್ಟಾದರೂ ನೆರೆಯ ರಾಜ್ಯಗಳು ಸುಮ್ಮನಿರಲಿಲ್ಲ. ಬೀದರಿನಲ್ಲಿ ಬಹಮನಿ ಸುಲ್ತಾನ ಮಹಮೂದನು ಹೆಸರಿಗಾದರೂ ಇನ್ನೂ ಸಾರ್ವಭೌಮನಾಗಿದ್ದುದರಿಂದ ಮಿಂಬರಿನ ಮಾತು ಬದಲಿಸುವುದೆಂದರೆ ಧರ್ಮದ ಪ್ರಶ್ನೆಯಷ್ಟೇ ಅಲ್ಲದೆ ರಾಜದ್ರೋಹದ ಪ್ರಶ್ನೆಯೂ ಆಗಿತ್ತು. ಬೀದರಿನ ಮಂತ್ರಿ ಅಮೀರ್ ಬರೀದನು ಅಹ್ಮದನಗರ ಮತ್ತು ಗೋಲ್ಕೊಂಡಗಳನ್ನು ಕೂಡಿಸಿಕೊಂಡು ದಂಡೆತ್ತಿ ಬಂದನು. ಗೋಲ್ಕೊಂಡದ ಕುತುಬ್ ಉಲ್ ಮುಲ್ಕನು ಸ್ವತಃ ಶಿಯಾ ಒಲವಿನವನಾಗಿದ್ದೂ ಈ ಕೂಟಕ್ಕೆ ಸೇರಿದ್ದನ್ನು ನೋಡಿದರೆ, ಧರ್ಮಶ್ರದ್ಧೆಗಿಂತ ಯೂಸುಫನನ್ನು ತಗ್ಗಿಸುವ ಅವಕಾಶವೇ ಅವರೆಲ್ಲರಿಗೆ ಮುಖ್ಯವಾಗಿತ್ತು ಎಂದು ತಿಳಿಯುವುದು ತಪ್ಪಾಗಲಾರದು. ಯೂಸುಫನು ಬೇರಾರಕ್ಕೆ ಸರಿದು ಅಲ್ಲಿನ ಇಮಾದ್ ಉಲ್ ಮುಲ್ಕನ ಸಲಹೆಯಂತೆ ವಿಜಾಪುರದಲ್ಲಿ ಹಳೆಯ ಸುನ್ನಿ ಖುತ್ಬಾವನ್ನೇ ಓದಿಸಬೇಕೆಂದು ಆಜ್ಞೆ ಕಳುಹಿಸಿದನು. ಯುದ್ಧಕ್ಕೆ ನೆಪವೇ ಇಲ್ಲವಾಗಿ ಕೂಟ ಒಡೆದುಹೋಯಿತು. ಶತ್ರುಗಳು ಚದುರಿದ ಮೇಲೆ ಅವನು ಊರಿಗೆ ಮರಳಿ ಇಮಾಮರ ಹೆಸರುಗಳನ್ನು ಮತ್ತೆ ಮಿಂಬರಿಗೇರಿಸಿದನು.

1510ರಲ್ಲಿ ಯೂಸುಫನು ತೀರಿಕೊಂಡಾಗ ಮಗ ಇಸ್ಮಾಯಿಲ ಬಾಲಕ. ರಾಜ್ಯಭಾರ ವಹಿಸಿಕೊಂಡ ಕಮಾಲ್ ಖಾನ್ ದಖನಿ ಸುನ್ನಿ ಪದ್ಧತಿಯನ್ನು ತಂದನು. ಬಾಲರಾಜನನ್ನು ಕಿತ್ತು ತಾನೇ ಅರಸನಾಗುವ ಅವನ ಸಂಚು ಮುರಿದುಬಿದ್ದು ಕೊಲೆಯಾದಾಗ ಶಿಯಾ ಪದ್ಧತಿ ಹಿಂದಿರುಗಿತು. ಇಲ್ಲಿ ಎರಡು ಪದಗಳನ್ನು ವಿವರಿಸಬೇಕು. ಆದಿಲಶಾಹಿ ದರಬಾರಿನಲ್ಲಿ ಇರಾನ್, ತುರ್ಕಸ್ತಾನ, ಅರಬ್ ನಾಡುಗಳಿಂದ ಬಂದವರಿಗೆ ಆಫಾಕಿಗಳೆಂದೂ, ತಲೆಮಾರುಗಳಿಂದ ಇಲ್ಲೇ ನೆಲೆಸಿದ ಮುಸ್ಲಿಮರಿಗೆ ದಖನಿಗಳೆಂದೂ ಕರೆಯುತ್ತಿದ್ದರು. ಆಫ್ರಿಕಾ ಮೂಲದ ಹಬ್ಶಿ ಸರದಾರರು ಸಾಮಾನ್ಯವಾಗಿ ದಖನಿಗಳ ಕಡೆ ನಿಲ್ಲುತ್ತಿದ್ದರು. ಆಫಾಕಿಗಳಲ್ಲಿ ಶಿಯಾಗಳು ಹೆಚ್ಚು, ದಖನಿಗಳಲ್ಲಿ ಸುನ್ನಿಗಳು ಹೆಚ್ಚು. ಆದ್ದರಿಂದ ಖುತ್ಬಾ ಬದಲಾಯಿತು ಎಂದರೆ ನೌಕರಿಗಳೂ ಜಹಗೀರುಗಳೂ ಕೈ ಬದಲಾಯಿಸಿದವು ಎಂದೇ ಅರ್ಥವಾಗುತ್ತಿತ್ತು. 1519ರಲ್ಲಿ ಇರಾನಿನ ರಾಯಭಾರಿ ಬಂದಾಗ ಇಸ್ಮಾಯಿಲನು ಹಿಗ್ಗಿ, ತನ್ನ ಸೈನಿಕರು ಸಫವಿಗಳಂತೆ ಹನ್ನೆರಡು ಮಡಿಕೆಯ ಕೆಂಪು ಟೊಪ್ಪಿಗೆ ಧರಿಸಬೇಕೆಂದೂ ಶುಕ್ರವಾರ ಮತ್ತು ಹಬ್ಬಗಳಲ್ಲಿ ಇರಾನಿನ ರಾಜಮನೆತನಕ್ಕಾಗಿ ಪ್ರಾರ್ಥಿಸಬೇಕೆಂದೂ ವಿಧಿಸಿದನು. ಕೃಷ್ಣಾ ತೀರದ ಜೋಳದ ನಾಡಿನಲ್ಲಿ ದೂರದ ಇರಾನಿನ ದೊರೆಯ ಕ್ಷೇಮಕ್ಕೆ ವಾರವಾರವೂ ಪ್ರಾರ್ಥನೆ ಸಲ್ಲತೊಡಗಿತು.

1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹಿಂ ಇದೆಲ್ಲವನ್ನೂ ತಿರುಗಿಸಿದನು. ಇಮಾಮರ ಹೆಸರುಗಳು ಖುತ್ಬಾದಿಂದ ಹೋದವು, ಕೆಂಪು ಟೊಪ್ಪಿಗೆ ನಿಷಿದ್ಧವಾಯಿತು, ಆಫಾಕಿಗಳಲ್ಲಿ ಕೆಲವು ನೂರು ಜನರನ್ನುಳಿದು ಮಿಕ್ಕವರ ಚಾಕರಿ ಹೋಯಿತು, ಸರಕಾರಿ ಲೆಕ್ಕಪತ್ರಗಳು ಪಾರಸಿಯಿಂದ ದೇಶಭಾಷೆಗೆ ತಿರುಗಿ ಬ್ರಾಹ್ಮಣ ಕರಣಿಕರ ಕೈಗೆ ಬಂದವು. ಈ ಇಬ್ರಾಹಿಮನ ಮನೆಯೊಳಗಿನ ಒಂದು ಪ್ರಸಂಗವನ್ನು ಫಿರಿಸ್ತಾ ವಿವರವಾಗಿ ದಾಖಲಿಸಿದ್ದಾನೆ. ತಂದೆ-ತಾತಂದಿರ ಪಂಥವನ್ನು ಬಿಟ್ಟು ಸರಿಯಾದ ದಾರಿ ಹಿಡಿಯುವ ಬುದ್ಧಿಯನ್ನು ದೇವರು ತನಗೆ ಕೊಟ್ಟನೆಂದು ಇಬ್ರಾಹಿಮನು ಒಮ್ಮೆ ಹೇಳಿಕೊಂಡಾಗ, ಅಲ್ಲಿದ್ದ ಎಳೆಯ ವಯಸ್ಸಿನ ಮಗ ಅಲಿಯು, ತಂದೆಯ ಪಂಥ ಬಿಡುವುದು ಅಷ್ಟು ಒಳ್ಳೆಯದಾದರೆ ಎಲ್ಲ ಮಕ್ಕಳೂ ಅದೇ ಮೇಲ್ಪಂಕ್ತಿ ಅನುಸರಿಸಬೇಕಲ್ಲವೇ ಎಂಬ ಅರ್ಥದ ಉತ್ತರ ಕೊಟ್ಟನು. ಮಗನ ಒಲವು ಯಾವ ಕಡೆಗೆಂದು ತಂದೆಗೆ ತಿಳಿಯಿತು. ಇದು ಪಾಠ ಹೇಳುವವನ ಪ್ರಭಾವವೆಂದು ನಿಶ್ಚಯಿಸಿ, ರಾಜಕುಮಾರನ ಗುರು ಶಿರಾಜಿನ ಖ್ವಾಜಾ ಇನಾಯತುಲ್ಲಾನನ್ನು ಧರ್ಮಜ್ಞರ ಸಮ್ಮತಿ ಪಡೆದು ಕೊಲ್ಲಿಸಲಾಯಿತು. ರಾಜಕುಮಾರನನ್ನು ಮುಂದೆ ಮಿರಜ ಕೋಟೆಯಲ್ಲಿ ಇಡಲಾಯಿತು. ಇನಾಯತುಲ್ಲಾನ ಜಾಗಕ್ಕೆ ಬಂದ ಗುರುವೂ ಒಳಗೊಳಗೆ ಶಿಯಾ ಆಗಿದ್ದು ಹೊರಗೆ ಸುನ್ನಿಯಂತೆ ನಡೆದುಕೊಳ್ಳುತ್ತಿದ್ದನೆಂದು ಫಿರಿಸ್ತಾ ಸೇರಿಸುತ್ತಾನೆ.

ಇನಾಯತುಲ್ಲಾನ ಸಾವು ಈ ಕಥನದ ಅತ್ಯಂತ ಕರಾಳ ಸಂಗತಿ. ರಣರಂಗದಲ್ಲಿ ಸತ್ತವರು ಪಕ್ಷ ಹಿಡಿದು ಸತ್ತವರು. ಇನಾಯತುಲ್ಲಾ ಸತ್ತದ್ದು ಒಬ್ಬ ಹುಡುಗನು ಕೊಟ್ಟ ಉತ್ತರಕ್ಕಾಗಿ. ಅದೂ ಅಲ್ಲದೆ ಅವನ ಮರಣಕ್ಕೆ ಸಮ್ಮತಿಯಿತ್ತವರು ಧರ್ಮವನ್ನು ಬಲ್ಲವರು ಎನಿಸಿಕೊಂಡವರೇ ಆಗಿದ್ದರು. ಇಸ್ಲಾಮಿನ ಶಾಸ್ತ್ರಜ್ಞರಾದ ಉಲೇಮಾಗಳಿಗೆ ಒಬ್ಬ ಪೋಪನಾಗಲಿ ಪೀಠಾಧಿಪತಿಯಾಗಲಿ ಇರಲಿಲ್ಲವಾದ್ದರಿಂದ ಅರಸನಿಗೆ ಎದುರು ನಿಲ್ಲುವ ಒಗ್ಗಟ್ಟಿನ ಸಂಸ್ಥೆಯೂ ಇರಲಿಲ್ಲ. ಸಂಬಳ ಕೊಡುವ ದೊರೆಯ ಮಾತಿಗೆ ಶಾಸ್ತ್ರದ ಮುದ್ರೆ ಒತ್ತುವ ಕೆಲವರು ಎಲ್ಲ ಕಾಲದಲ್ಲೂ ಸಿಗುತ್ತಿದ್ದರು.

1558ರಲ್ಲಿ ಅಲಿ ಆದಿಲಶಹನು ಪಟ್ಟವೇರಿದ ಕೂಡಲೇ ಇಮಾಮರ ಹೆಸರುಗಳು ಮಿಂಬರಿಗೆ ಮರಳಿದವು. 1565ರಲ್ಲಿ ವಿಜಯನಗರದ ಸೇನೆ ಸೋತ ಯುದ್ಧದ ತರುವಾಯ ಕೈಸೇರಿದ ಸಂಪತ್ತಿನಿಂದ ಅವನು ಊರಿನ ಕೋಟೆಗೋಡೆಯನ್ನೂ ಇಂದಿಗೂ ವಿಜಯಪುರದ ಹೆಮ್ಮೆಯಾದ ಜಾಮಿಯಾ ಮಸೀದಿಯನ್ನೂ ಕಟ್ಟಿಸತೊಡಗಿದನು. ಮಸೀದಿಯ ಒಳಗೆ ನಿಂತು ನೋಡಿದರೆ ಈ ಇತಿಹಾಸದ ಪದರುಗಳು ಕಣ್ಣಿಗೇ ಕಾಣುತ್ತವೆ. ಬಿಳಿ ಗಾರೆಯ ಕಮಾನುಗಳ ಸಾಲು ಮುಗಿಯುವಲ್ಲಿ, ನಮಾಜಿನ ದಿಕ್ಕು ತೋರುವ ಮಿಹ್ರಾಬ್ ಎಂಬ ಗೂಡು ಚಿನ್ನದ ನೀರು ಮತ್ತು ಬಣ್ಣಗಳಿಂದ ಹೊಳೆಯುತ್ತದೆ. ಗೋಡೆಯಲ್ಲೇ ಬಿಡಿಸಿದ ಗೂಡುಗಳಲ್ಲಿ ಪುಸ್ತಕಗಳು, ಹೂದಾನಿಗಳು, ಇಳಿಬಿದ್ದ ಸರಪಳಿಗಳು ಚಿತ್ರಿತವಾಗಿವೆ. ಈ ಅಲಂಕಾರ 1636ರಲ್ಲಿ, ಗೋಳಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲಶಹನ ಕಾಲದಲ್ಲಿ ಆದದ್ದು. ನೆಲದ ಮೇಲೆ ಒಬ್ಬೊಬ್ಬರು ನಮಾಜು ಮಾಡುವಷ್ಟು ಅಳತೆಗೆ ಎಳೆದ ಎರಡು ಸಾವಿರಕ್ಕೂ ಮಿಕ್ಕಿದ ಚೌಕಟ್ಟುಗಳು ಔರಂಗಜೇಬನ ಕಾಲದವು ಎನ್ನುತ್ತಾರೆ. ಶಿಯಾ ಅರಸನು ಆರಂಭಿಸಿದ, ಸುನ್ನಿ ಅರಸನು ಅಲಂಕರಿಸಿದ, ಗೆದ್ದು ಬಂದ ಬಾದಶಹನು ಗೆರೆ ಎಳೆಸಿದ ಈ ಒಂದೇ ಅಂಗಳದಲ್ಲಿ ಸಾಮಾನ್ಯ ಜನ ಶತಮಾನಗಳಿಂದ ಒಂದೇ ದಿಕ್ಕಿಗೆ ತಿರುಗಿ ನಮಾಜು ಮಾಡುತ್ತ ಬಂದಿದ್ದಾರೆ.

ಅಲಿಯು ಈ ಮಸೀದಿಯನ್ನು ಕಟ್ಟಿಸುತ್ತಿದ್ದ 1570ರ ದಶಕದಲ್ಲಿಯೇ ಇದೇ ಬಗೆಯ ಜಗಳ ಜಗತ್ತಿನ ಇತರೆಡೆಗಳಲ್ಲೂ ನಡೆದಿತ್ತು. ಇಂಗ್ಲೆಂಡಿನಲ್ಲಿ ಪಾದ್ರಿಗಳು ಊರೂರಲ್ಲಿ ಕೂಡಿ ಬೈಬಲಿನ ಅರ್ಥ ಹೇಳುವ ಅಭ್ಯಾಸಸಭೆಗಳು ಹೆಚ್ಚುತ್ತಿದ್ದವು. ಒಂದು ಜಿಲ್ಲೆಗೆ ಮೂರು-ನಾಲ್ಕು ಬೋಧಕರು ಸಾಕು ಎಂದು ಭಾವಿಸಿದ ರಾಣಿ ಮೊದಲನೆಯ ಎಲಿಜಬೆತ್ ಅವುಗಳನ್ನು ನಿಲ್ಲಿಸಬೇಕೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ಗ್ರಿಂಡಲನಿಗೆ ಆಜ್ಞಾಪಿಸಿದಳು. 1576ರ ಡಿಸೆಂಬರಿನಲ್ಲಿ ಗ್ರಿಂಡಲನು ದೀರ್ಘ ಪತ್ರ ಬರೆದು, ತನ್ನ ಆತ್ಮಸಾಕ್ಷಿ ಇದಕ್ಕೆ ಒಪ್ಪದೆಂದು ವಿನಯದಿಂದಲೇ ನಿರಾಕರಿಸಿದನು. 1577ರಲ್ಲಿ ಅವನ ಅಧಿಕಾರವನ್ನು ಅಮಾನತಿನಲ್ಲಿಡಲಾಯಿತು; 1583ರಲ್ಲಿ ಸಾಯುವವರೆಗೂ ಅವನಿಗೆ ರಾಣಿಯ ಕೃಪೆ ಮೊದಲಿನಂತೆ ದೊರೆಯಲಿಲ್ಲ. ಇತ್ತ ಫತೇಪುರ ಸಿಕ್ರಿಯಲ್ಲಿ 1579ರಲ್ಲಿ ಅಕ್ಬರನು ತಾನೇ ಮಿಂಬರ್ ಏರಿ ಖುತ್ಬಾ ಓದಲು ಹೊರಟನು. ಅದೇ ವರ್ಷ ಧರ್ಮಜ್ಞರಲ್ಲಿ ಭಿನ್ನಮತ ಬಂದಾಗ ಬಾದಶಹನ ತೀರ್ಮಾನವೇ ಅಂತಿಮ ಎಂಬ ಪತ್ರಕ್ಕೆ ಅವರಿಂದಲೇ ಸಹಿ ಹಾಕಿಸಿಕೊಂಡನು. ಅದಕ್ಕೆ ಅಡ್ಡಿಯಾಗಿದ್ದ ಇಬ್ಬರು ಹಿರಿಯ ಧರ್ಮಾಧಿಕಾರಿಗಳು ಹಜ್ ಯಾತ್ರೆಯ ಹೆಸರಿನಲ್ಲಿ ಮಕ್ಕಾದ ದಾರಿ ಹಿಡಿಯಬೇಕಾಯಿತು. ಬೋಧಕನನ್ನು ಶಿಕ್ಷಿಸಿದರೆ ಹುತಾತ್ಮನಾಗುತ್ತಾನೆ, ಯಾತ್ರೆಗೆ ಕಳುಹಿಸಿದರೆ ಗೌರವಪೂರ್ವಕವಾಗಿ ದೂರವಾಗುತ್ತಾನೆ ಎಂಬ ಈ ಉಪಾಯವನ್ನು ವಿಜಾಪುರವೂ ಬೇಗನೆ ಕಲಿತಿತು.

1580ರಲ್ಲಿ ಅಲಿಯು ಕೊಲೆಯಾದಾಗ ಪಟ್ಟಕ್ಕೆ ಬಂದ ಎರಡನೆಯ ಇಬ್ರಾಹಿಮನಿಗೆ ಒಂಬತ್ತರ ಪ್ರಾಯ. ಅಲಿಯ ವಿಧವೆ ಚಾಂದಬೀಬಿಯ ಆರೈಕೆಯಲ್ಲಿ ಅವನು ಬೆಳೆಯುತ್ತಿದ್ದಾಗ ರಾಜ್ಯದ ಚುಕ್ಕಾಣಿ ಹಿಡಿದ ಹಬ್ಶಿ ಸರದಾರ ದಿಲಾವರ್ ಖಾನನು 1583ರ ಸುಮಾರಿಗೆ ಸುನ್ನಿ ಖುತ್ಬಾವನ್ನು ಮರಳಿ ತಂದನು, ಮತ್ತು ರಾಜ್ಯ ಮುಗಿಯುವವರೆಗೂ ಅದೇ ಉಳಿಯಿತು. ಇಬ್ರಾಹಿಮನೇನೋ ಪ್ರಾಯಕ್ಕೆ ಬಂದ ಮೇಲೆ ಯಾವ ಪಂಥದ ಚೌಕಟ್ಟಿಗೂ ಸುಲಭವಾಗಿ ಸಿಗದ ಅರಸನಾದನು. ಕಿತಾಬ್-ಎ-ನವರಸ್ ಎಂಬ ಹಾಡುಗಳ ಕೃತಿಯಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಗುಲಬರ್ಗಾದ ಬಂದೇನವಾಜರನ್ನೂ ಒಟ್ಟಿಗೆ ಸ್ತುತಿಸಿದ ಅವನನ್ನು ಜನ ಜಗದ್ಗುರು ಬಾದಶಹನೆಂದು ಕರೆದರು. ವಿಜಯಪುರದಿಂದ ಪಡುವಣಕ್ಕೆ ತಿಕೋಟಾ ರಸ್ತೆ ಹಿಡಿದರೆ ಸಿಗುವ ತೊರವಿ, ನರಸಿಂಹ ದೇವರ ಕ್ಷೇತ್ರ ಮತ್ತು ಕನ್ನಡದ ತೊರವೆ ರಾಮಾಯಣದ ಊರು. ಇಬ್ರಾಹಿಮನು ಸಂಗೀತಕ್ಕೆಂದೇ ನವರಸಪುರ ಎಂಬ ಹೊಸ ಪಟ್ಟಣವನ್ನು ಕಟ್ಟಿಸಲು ಆರಿಸಿಕೊಂಡದ್ದು ಈ ತೊರವಿಯ ಪಕ್ಕದ ನೆಲವನ್ನೇ.

ಇಂಥ ಅರಸನ ಊರಿಗೆ 1590ರ ದಶಕದಲ್ಲಿ ಗುಜರಾತಿನ ಭರೂಚ ಮೂಲದ ಶಾಹ ಸಿಬ್ಗತುಲ್ಲಾ ಎಂಬ ಸೂಫಿ ಬಂದರು. ಸೂಫಿ ಎಂದೊಡನೆ ಎಲ್ಲ ಮತಗಳನ್ನೂ ಒಂದೇ ಎನ್ನುವ ಮೃದು ಸಂತನೆಂಬ ಕಲ್ಪನೆ ಇಂದು ರೂಢಿಯಲ್ಲಿದೆಯಾದರೂ ಶತ್ತಾರಿ ಪರಂಪರೆಯ ಈ ಗುರು ಅಂಥವರಾಗಿರಲಿಲ್ಲ. ಹೆಂಡದಂಗಡಿಗಳನ್ನೂ ವೇಶ್ಯಾಗೃಹಗಳನ್ನೂ ಮುಚ್ಚಿಸಬೇಕು, ಶಿಯಾಗಳಿಗೆ ಅಧಿಕಾರ ಕೊಡಬಾರದು ಎಂಬಂಥ ಬೇಡಿಕೆಗಳನ್ನು ಅವರು ಅರಸನ ಮುಂದಿಟ್ಟರೆಂದು ಸೂಫಿಗಳ ಜೀವನಚರಿತ್ರೆಗಳು ಹೇಳುತ್ತವೆ. ಅವರ ಮಾತಿಗೆ ಊರಿನಲ್ಲಿ ಅನುಯಾಯಿಗಳು ಹೆಚ್ಚಿ ಶಿಯಾಗಳೊಡನೆ ಘರ್ಷಣೆಯ ಭಯ ಹುಟ್ಟಿದಾಗ, ಇಬ್ರಾಹಿಮನು ಅವರನ್ನು ಸೆರೆಗೆ ಹಾಕಲಿಲ್ಲ. ಹಜ್ಜಿಗೆ ಹೋಗುವ ವ್ಯವಸ್ಥೆಯನ್ನೆಲ್ಲ ತಾನೇ ಮಾಡಿಸಿ ಮರ್ಯಾದೆಯಿಂದ ಹಡಗು ಹತ್ತಿಸಿದನು. ಸಿಬ್ಗತುಲ್ಲಾ ಮತ್ತೆ ಮರಳಲಿಲ್ಲ. ಮದೀನಾದಲ್ಲಿ ನೆಲೆಸಿ, ಶತ್ತಾರಿ ಪಂಥದ ಪಾರಸಿ ಗ್ರಂಥವೊಂದನ್ನು ಅರಬ್ಬಿಗೆ ತಂದು, ಅಲ್ಲಿಗೆ ಬಂದ ದೇಶದೇಶಗಳ ಶಿಷ್ಯರಿಗೆ ಬೋಧಿಸುತ್ತ 1606ರಲ್ಲಿ ತೀರಿಕೊಂಡರು.

ಇಲ್ಲಿ ಅರಸನ ಪಕ್ಷವೇ ಸರಿ ಎಂದು ತೀರ್ಪು ಕೊಡುವುದು ಇಂದಿನ ಓದುಗನಿಗೆ ಸುಲಭ, ಏಕೆಂದರೆ ಇಬ್ರಾಹಿಮನ ಔದಾರ್ಯ ಎಲ್ಲರಿಗೂ ಹಿಡಿಸುವಂಥದು. ಆದರೆ ಅವನ ಅಜ್ಜನ ಕಾಲದಲ್ಲಿ ಇನಾಯತುಲ್ಲಾನನ್ನು ಕೊಂದ ಅಧಿಕಾರ, ಇವನ ಕಾಲದಲ್ಲಿ ಸಿಬ್ಗತುಲ್ಲಾರನ್ನು ಹಡಗು ಹತ್ತಿಸಿದ ಅಧಿಕಾರ ಎರಡೂ ಒಂದೇ. ಅದನ್ನು ಹಿಡಿದವನ ಮನಸ್ಸು ಹೇಗೆ ಎಂಬುದರ ಮೇಲೆ ಮಾತ್ರ ಬೋಧಕನ ಗತಿ ನಿಂತಿತ್ತು.

ಮಿಂಬರಿನಿಂದ 1583ರಲ್ಲಿ ಕೆಳಗಿಳಿದ ಹೆಸರುಗಳು ಎಲ್ಲಿಗೆ ಹೋದವು ಎಂದು ಕೇಳಿದರೆ ಉತ್ತರ ಊರೂರಿನ ಮೊಹರಂ ಹಬ್ಬದಲ್ಲಿ ಸಿಗುತ್ತದೆ. ವಿಜಯಪುರ ಸೀಮೆಯ ಹಳ್ಳಿಗಳಲ್ಲಿ ಇಮಾಮ್ ಹಸನ್, ಇಮಾಮ್ ಹುಸೇನರ ಹೆಸರಿನಲ್ಲಿ ಪಂಜಾಗಳೆಂಬ ಕೈಯಾಕಾರದ ಲಾಂಛನಗಳು ಕೂಡುತ್ತವೆ, ಅಲಾಯಿ ಎಂಬ ಬೆಂಕಿಯ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ, ಚೊಂಗ್ಯಾ ಎಂಬ ಸಿಹಿ ಮಾಡಿ ನೈವೇದ್ಯ ಕೊಡುತ್ತಾರೆ. ಹರಕೆ ಹೊತ್ತು ಫಕೀರರಾಗುವವರಲ್ಲಿ ಲಿಂಗಾಯತರೂ ಕುರುಬರೂ ದಲಿತರೂ ಇರುತ್ತಾರೆ, ಮುಸ್ಲಿಮರ ಮನೆಯೇ ಇಲ್ಲದ ಊರಿನಲ್ಲೂ ದೇವರು ಕೂಡುವುದುಂಟು. ಹುಸೇನರು ಮಡಿದ ಕರ್ಬಲಾ ಯುದ್ಧದ ಕಥೆಯನ್ನು ಅಚ್ಚ ಜವಾರಿ ಕನ್ನಡದಲ್ಲಿ ಹಾಡುವ ಪದಗಳಿಗೆ ರಿವಾಯತ್ ಎಂದು ಹೆಸರು. ಯಾವ ಆದಿಲಶಹನ ಫರ್ಮಾನೂ ಈ ಹಾಡುಗಳನ್ನು ಹುಟ್ಟಿಸಲಿಲ್ಲ, ಯಾವ ಫರ್ಮಾನೂ ಇವನ್ನು ನಿಲ್ಲಿಸಲಿಲ್ಲ. ಊರಿನ ದರ್ಗಾಗಳ ಸೂಫಿಗಳೂ ಇಂಥದೇ ದಾರಿ ಹಿಡಿದಿದ್ದರು. ಶಾಹಪುರ ಗುಡ್ಡದ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಂ, ಮೊಮ್ಮಗ ಅಮೀನುದ್ದೀನ್ ಅಲಾ ಇವರ ಪರಂಪರೆ ಪಾರಸಿಯನ್ನು ಬದಿಗಿಟ್ಟು ಸಾಮಾನ್ಯರ ದಖನಿ ಮಾತಿನಲ್ಲಿ ಬರೆಯಿತು. ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಹಾಡಬಹುದಾದ ಚಕ್ಕಿನಾಮಾಗಳು, ನೂಲುವಾಗ ಹಾಡಬಹುದಾದ ಚರ್ಖಾನಾಮಾಗಳು ಇದೇ ವಾತಾವರಣದಲ್ಲಿ ರೂಪುಗೊಂಡವು. ಜಾಮಿಯಾ ಮಸೀದಿಯ ಮಿಂಬರಿಗೆ ಕಾವಲು ಹಾಕಬಹುದಾಗಿತ್ತು. ಬೆಳಗಿನ ಜಾವ ಜೋಳ ಬೀಸುವ ಕಲ್ಲಿಗೆ ಕಾವಲು ಹಾಕುವುದು ಯಾವ ಕೊತ್ವಾಲನಿಂದಲೂ ಆಗದ ಕೆಲಸ.

ಆದರೆ ಸೂಫಿಗಳ ಸ್ವಾತಂತ್ರ್ಯವೂ ಹಾಗೆಯೇ ಉಳಿಯಲಿಲ್ಲ. ಸೂಫಿಗಳ ಬಗ್ಗೆ 1978ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇತಿಹಾಸಕಾರ ರಿಚರ್ಡ್ ಈಟನ್ ತೋರಿಸಿಕೊಟ್ಟಂತೆ, 17ನೆಯ ಶತಮಾನ ಮುಂದುವರಿದಂತೆ ಅನೇಕ ಸೂಫಿ ಮನೆತನಗಳು ಸರಕಾರದಿಂದ ಇನಾಮು, ಅಂದರೆ ಕಂದಾಯ ಮಾಫಿಯಾದ ಭೂಮಿ, ಪಡೆದು ದರ್ಗಾಗಳ ವಂಶಪಾರಂಪರ್ಯ ಒಡೆಯರಾದವು. ತಿಕೋಟಾ, ಬಬಲೇಶ್ವರ ಭಾಗದ ಮೂಲಕ ತಾಳಿಕೋಟೆಯ ಕಡೆಗೆ ಹರಿಯುವ ಡೋಣಿ ನದಿಯ ಎರೆಭೂಮಿಯನ್ನು ಬಲ್ಲವರಿಗೆ ಇನಾಮಿನ ತೂಕ ತಿಳಿದೀತು. ಡೋಣಿ ಬೆಳೆದರೆ ಓಣಿಗೆಲ್ಲ ಜೋಳ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಅಂಥ ನೆಲದ ಫಸಲು ವರ್ಷವರ್ಷವೂ ಅರಮನೆಯ ಪತ್ರದ ಬಲದಿಂದ ಮನೆಗೆ ಬರತೊಡಗಿದ ಮೇಲೆ, ಆ ಪತ್ರದ ನವೀಕರಣಕ್ಕಾಗಿ ದರಬಾರಿಗೆ ಹೋಗಬೇಕಾದ ಪೀರನು, ಅಂದರೆ ಸೂಫಿ ಗುರುವು, ದರಬಾರಿನ ವಿರುದ್ಧ ಬಾಯಿ ಬಿಡುವುದು ಕಷ್ಟ. ಮಿಂಬರನ್ನು ಆಜ್ಞೆಯಿಂದ ಹಿಡಿಯಲು ಅರಸರು 80 ವರ್ಷ ಪಟ್ಟ ಪಾಡಿಗಿಂತ ಹೆಚ್ಚಿನ ಫಲ ಈ ಹೊಲಗಳಿಂದ ದೊರೆಯಿತು ಎನ್ನಬಹುದು. ಧರ್ಮಕಾರ್ಯಕ್ಕೆ ಸಂದ ಭೂಮಿಯ ದಾಖಲೆ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆ ಇನ್ನೂ ಬಿಸಿಯಾಗಿದೆ. 2024ರ ಅಕ್ಟೋಬರಿನಲ್ಲಿ ತಿಕೋಟಾ ತಾಲ್ಲೂಕಿನ ಹೊನವಾಡದ ರೈತರು ತಮ್ಮ ಜಮೀನನ್ನು ವಕ್ಫ್ ಆಸ್ತಿಯೆಂದು ನಮೂದಿಸಲಾಗುತ್ತಿದೆ ಎಂದು ಬೀದಿಗಿಳಿದಾಗ, ಹಳೆಯ ಗೆಜೆಟಿನಲ್ಲಿ ಊರಿನ ಹೆಸರು ತಪ್ಪಾಗಿ ಸೇರಿದ್ದೇ ಗೊಂದಲದ ಮೂಲವೆಂದು ಸರಕಾರ ಸ್ಪಷ್ಟನೆ ಕೊಡಬೇಕಾಯಿತು.

ಅರಸನ ಅನ್ನ ಉಂಡೂ ಅರಸನಿಗೆ ಇಲ್ಲ ಎಂದವರೇ ಇರಲಿಲ್ಲವೇ ಎಂದರೆ, ವಿಜಾಪುರದ ಕೊನೆಯ ದಿನಗಳೇ ಅದಕ್ಕೆ ಒಂದು ಅಪೂರ್ವ ನಿದರ್ಶನ ಕೊಡುತ್ತವೆ. 1658ರಲ್ಲಿ ಔರಂಗಜೇಬನು ತಂದೆ ಶಹಜಹಾನನನ್ನು ಸೆರೆಯಲ್ಲಿಟ್ಟು ಪಟ್ಟವೇರಿದಾಗ, ತಂದೆ ಬದುಕಿರುವಾಗ ಮಗನ ಹೆಸರಿನಲ್ಲಿ ಖುತ್ಬಾ ಓದುವುದು ಶಾಸ್ತ್ರಸಮ್ಮತವಲ್ಲವೆಂದು ಮುಖ್ಯ ಕಾಜಿ, ಅಂದರೆ ಧರ್ಮನ್ಯಾಯಾಧೀಶ, ಹಿಂಜರಿದನು. ಆಗ ಗುಜರಾತಿನ ಅಬ್ದುಲ್ ವಹಾಬನು ಶಾಸ್ತ್ರದಲ್ಲಿ ದಾರಿ ಹುಡುಕಿಕೊಟ್ಟು ತಾನೇ ಮುಖ್ಯ ಕಾಜಿಯಾದನು, ಅಪಾರ ಸಂಪತ್ತನ್ನೂ ಗಳಿಸಿದನು. ಅವನ ಮಗ ಶೇಖ್ ಉಲ್ ಇಸ್ಲಾಂ ಮಾತ್ರ ತಂದೆಗೆ ತದ್ವಿರುದ್ಧವಾದ ಸ್ವಭಾವದವನು. ತಂದೆ ಬಿಟ್ಟುಹೋದ ಸಂಪತ್ತಿನಲ್ಲಿ ತನ್ನ ಪಾಲನ್ನು ಮುಟ್ಟದ ಅವನು ತಾನೂ ಮುಖ್ಯ ಕಾಜಿಯಾಗಿದ್ದಾಗ, ವಿಜಾಪುರ ಮತ್ತು ಗೋಲ್ಕೊಂಡಗಳ ಮೇಲೆ ದಂಡೆತ್ತುವುದು ಸರಿಯೇ ಎಂದು ಬಾದಶಹನು ಕೇಳಿದನು. ಮುಸ್ಲಿಂ ಅರಸರ ಮೇಲೆ ಹೀಗೆ ಯುದ್ಧ ಹೂಡುವುದು ಧರ್ಮಸಮ್ಮತವಲ್ಲ ಎಂದು ಹೇಳಿದ ಅವನು ಹುದ್ದೆಯನ್ನು ಬಿಟ್ಟು ಮಕ್ಕಾಕ್ಕೆ ಹೊರಟನು. ಮತ್ತೆ ಬರಬೇಕೆಂಬ ಕರೆಗಳಿಗೂ ಮನಸೋಲಲಿಲ್ಲ. ಹಡಗು ಇಲ್ಲಿ ಅರಸನು ಹೊರಗಟ್ಟುವ ಸಾಧನವಾಗಿರಲಿಲ್ಲ, ಬೋಧಕನು ತಾನಾಗಿ ಆರಿಸಿಕೊಂಡ ದಾರಿಯಾಗಿತ್ತು.

ಯುದ್ಧವೇನೂ ನಿಲ್ಲಲಿಲ್ಲ. 1685ರಲ್ಲಿ ಆರಂಭವಾದ ಮುತ್ತಿಗೆ ಬರಗಾಲದ ನಡುವೆ ವರ್ಷ ಮೀರಿ ನಡೆಯಿತು. ಊರಿನ ಧರ್ಮಜ್ಞರು ಔರಂಗಜೇಬನ ಬಿಡಾರಕ್ಕೆ ಹೋಗಿ, ಶಾಸ್ತ್ರ ಬಲ್ಲ ಬಾದಶಹನು ಮುಸ್ಲಿಮರ ಮೇಲೆಯೇ ಏಕೆ ಯುದ್ಧ ಮಾಡುತ್ತಿದ್ದಾನೆಂದು ಕೇಳಿದರೆಂದೂ, ಅವರ ಮಾತು ನಿಜವೆಂದು ಒಪ್ಪಿದ ಔರಂಗಜೇಬನು, ಮರಾಠರ ಸಂಭಾಜಿಗೆ ವಿಜಾಪುರ ಆಸರೆಯಾಗಿದೆಯೆಂಬ ಕಾರಣ ಮುಂದೊಡ್ಡಿ ಅವರನ್ನು ಕಳುಹಿಸಿದನೆಂದೂ ಊರಿನ ಇತಿಹಾಸ ಹೇಳುತ್ತದೆ. 1686ರ ಸೆಪ್ಟೆಂಬರಿನಲ್ಲಿ ಯುವಕ ಸಿಕಂದರ್ ಆದಿಲಶಹನು ಶರಣಾದನು. ಜಾಮಿಯಾ ಮಸೀದಿಯ ಮಿಂಬರಿನಿಂದ ಆದಿಲಶಾಹಿ ಹೆಸರು ಅಳಿಸಿಹೋಯಿತು. ಮೊಘಲರಿಗೂ ಮಿಂಬರು ಕೊನೆಯವರೆಗೆ ವಿಧೇಯವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು: ಔರಂಗಜೇಬನ ಮಗ ಬಹಾದ್ದೂರ್ ಶಹನು ಖುತ್ಬಾದಲ್ಲಿ ಅಲಿಯವರಿಗೆ ಶಿಯಾ ನಂಬಿಕೆಯ ಬಿರುದೊಂದನ್ನು ಸೇರಿಸಲು ಹೊರಟಾಗ ಅಹಮದಾಬಾದಿನಲ್ಲಿ ಅದನ್ನೋದಿದ ಖತೀಬನ ಕೊಲೆಯಾಯಿತು, ಲಾಹೋರಿನ ಧರ್ಮಜ್ಞರು ಎದುರು ನಿಂತರು, 1711ರಲ್ಲಿ ಬಾದಶಹನೇ ಹಿಂದೆಗೆಯಬೇಕಾಯಿತು.

ಈ ಸೀಮೆಗೆ ಇಂಥ ಜಗಳ ಆದಿಲಶಾಹಿಗಳೊಡನೆ ಬಂದದ್ದೂ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದೇ ಕಲ್ಯಾಣದಲ್ಲಿ ಜಾತಿಯ ಕಟ್ಟುಗಳನ್ನು ಪ್ರಶ್ನಿಸುವ ಶರಣಧರ್ಮವನ್ನು ಬೋಧಿಸಿದರು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ನೆಪದಲ್ಲಿ ಅರಸೊತ್ತಿಗೆ ಕ್ರೂರ ಶಿಕ್ಷೆ ವಿಧಿಸಿದಾಗ, 1167ರ ಸುಮಾರಿಗೆ, ಶರಣರು ಚದುರಿಹೋದರು, ಬಿಜ್ಜಳನೂ ಕೊಲೆಯಾದನು ಎಂಬುದು ಕನ್ನಡ ಓದುಗರು ಬಲ್ಲ ಕಥೆ. ನಮ್ಮ ಕಾಲದಲ್ಲಿ, ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿದ್ದ ಸಿದ್ಧೇಶ್ವರ ಸ್ವಾಮೀಜಿಯವರು ಜೇಬಿಲ್ಲದ ಅಂಗಿ ತೊಟ್ಟು ಹಳ್ಳಿಹಳ್ಳಿಗೆ ಹೋಗಿ ಬೆಳಗಿನ ಹೊತ್ತು ಪ್ರವಚನ ಹೇಳುತ್ತಿದ್ದರು; 2018ರಲ್ಲಿ ಕೇಂದ್ರ ಸರಕಾರ ಪದ್ಮಶ್ರೀ ಪ್ರಕಟಿಸಿದಾಗ, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ವಿನಯದಿಂದ ಪತ್ರ ಬರೆದು ಒಲ್ಲೆನೆಂದರು. 2023ರ ಜನವರಿ 2ರಂದು ಅವರು ಅಗಲಿದ ಮೇಲೆ, ತಮಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದ ಪತ್ರದಂತೆ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ಇನಾಮು ಪಡೆದು ಮೌನವಾದ ಪೀರರ ವಂಶಜರ ಊರಿನಲ್ಲಿಯೇ ಸರಕಾರದಿಂದ ಏನನ್ನೂ ಪಡೆಯದ ಬೋಧಕರೊಬ್ಬರು ಬಾಳಿದ್ದರು ಎಂಬುದು ಈ ಇತಿಹಾಸವನ್ನು ಓದುವವರಿಗೆ ಬಹಳ ದೊಡ್ಡ ಸಂಗತಿ.

ಅರಸರು ಹೋದರೂ ಬೋಧನೆಗೆ ತಡೆಯೊಡ್ಡುವ ಅಧಿಕಾರ ಹೋಗಿಲ್ಲ. ಅದರ ರೂಪ ಬದಲಾಗಿದೆ. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪಾಲಿಸುವ, ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟು, ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಡಿಸಿದೆ. ಶಾಂತಿಭಂಗದ ಭಯವಿದ್ದಲ್ಲಿ ವ್ಯಕ್ತಿಯೊಬ್ಬನ ಪ್ರವೇಶವನ್ನೇ ತಡೆಯುವ ಅಧಿಕಾರ ದಂಡಾಧಿಕಾರಿಗಳಿಗೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಡಿ ಇತ್ತು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಡಿ ಇದೆ. 2003ರಲ್ಲಿ ಮಂಗಳೂರಿನಲ್ಲಿ ಪ್ರವೀಣ್ ತೊಗಾಡಿಯಾ ಅವರ ಮೇಲೆ ಹೊರಡಿಸಿದ್ದ ಇಂಥ ಆದೇಶವನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಎತ್ತಿಹಿಡಿದಿತ್ತು. 2025ರ ಅಕ್ಟೋಬರಿನಲ್ಲಿ ವಿಜಯಪುರದ ಜಿಲ್ಲಾಡಳಿತವು ಲಿಂಗಾಯತ ಮಠಾಧೀಶರ ಬಗ್ಗೆ ಆಡಿದರೆನ್ನಲಾದ ಮಾತುಗಳ ಕಾರಣಕ್ಕೆ ಕೊಲ್ಹಾಪುರ ಸಮೀಪದ ಕಣೇರಿ ಮಠದ ಸ್ವಾಮೀಜಿಯವರು ಎರಡು ತಿಂಗಳು ಜಿಲ್ಲೆಗೆ ಬರಬಾರದೆಂದು ನಿರ್ಬಂಧಿಸಿತು. ಅವರು ಹೈಕೋರ್ಟಿನ ಕಲಬುರಗಿ ಪೀಠದ ಮೆಟ್ಟಿಲೇರಿದರೂ ಪರಿಹಾರ ಸಿಗಲಿಲ್ಲ. ಆ ಮಾತುಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇಂದಿನ ಆದೇಶ ಬರವಣಿಗೆಯಲ್ಲಿರಬೇಕು, ಅದಕ್ಕೆ ಕಾರಣ ಕೊಡಬೇಕು, ಅದು ಸಾಮಾನ್ಯವಾಗಿ ಎರಡು ತಿಂಗಳು ಮೀರಬಾರದು, ಮತ್ತು ಆ ಕಾರಣ ಸಾಲುತ್ತದೆಯೇ ಎಂದು ಆದೇಶ ಹೊರಡಿಸದ ಇನ್ನೊಬ್ಬರು ಪರಿಶೀಲಿಸುತ್ತಾರೆ. ಖ್ವಾಜಾ ಇನಾಯತುಲ್ಲಾನಿಗಾಗಲಿ ಶಾಹ ಸಿಬ್ಗತುಲ್ಲಾರಿಗಾಗಲಿ ಈ ನಾಲ್ಕರಲ್ಲಿ ಒಂದೂ ದೊರೆತಿರಲಿಲ್ಲ.